ಅರ್ಧಕ್ಕೇ ನಿಂತ ಪಾಠ

ನನ್ನ ಹೆಂಡತಿ ದನದ ಡಾಕ್ಟರು, ನಾನು ದರ್ಜಿ. ಮದುವೆಯಾದ ಹೊಸದರಲ್ಲಿ ನೆಂಟರೊಬ್ಬರು, "ಇಬ್ಬರ ಕೈಯಲ್ಲೂ ಸೂಜಿ ಇದೆ, ಜಗಳ ಆಡೋವಾಗ ಹುಷಾರು" ಎಂದಿದ್ದರು. ಜಗಳಗಳು ಬೇಕಾದಷ್ಟು ಆಗಿವೆ, ಸೂಜಿ ಮಾತ್ರ ಬಳಕೆಯಾಗಿಲ್ಲ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನಗೆ ದನ ಕಂಡರೆ ಕೈಕಾಲು ನಡುಗುತ್ತವೆ. ಅವಳಿಗೆ ಹೊಲಿಗೆ ಯಂತ್ರದ ಸದ್ದು ಕೇಳಿದರೆ ನಿದ್ದೆ ಬರುತ್ತದೆ. ಒಬ್ಬರ ಕಸುಬಿಗೆ ಇನ್ನೊಬ್ಬರು ತಲೆಹಾಕದೆ ನಮ್ಮ ಸಂಸಾರ ಚೆನ್ನಾಗಿಯೇ ಸಾಗುತ್ತಿತ್ತು.

ಮನೆಯ ಮುಂದಿನ ಕೋಣೆ ನನ್ನ ಅಂಗಡಿ. ಹಿಂಬಾಗಿಲು ಅವಳದು. ಅಲ್ಲಿ ಮೊಣಕಾಲುದ್ದದ ರಬ್ಬರ್ ಬೂಟು, ಹಗ್ಗದ ಸುರುಳಿ, ಭುಜದವರೆಗೆ ಏರಿಸುವ ಪ್ಲಾಸ್ಟಿಕ್ ಕೈಗವಸುಗಳ ಡಬ್ಬ. ಕೆಲಸ ಮುಗಿಸಿ ಬಂದವಳು ಹಿತ್ತಲಲ್ಲಿ ತೊಳೆದುಕೊಂಡೇ ಒಳಗೆ ಕಾಲಿಡಬೇಕು. ಇದು ನಾನು ಮಾಡಿದ ಕಾನೂನು. ಈ ಮನೆಯಲ್ಲಿ ನಡೆಯುವ ನನ್ನ ಕಾನೂನು ಇದೊಂದೇ.

ಅವಳು ಇಲ್ಲಿಗೆ ವರ್ಗವಾಗಿ ಬಂದಾಗ ಕಾಲೇಜಿನಲ್ಲಿ ಕಲಿತ ಪದಗಳನ್ನೆಲ್ಲ ಗಂಟು ಕಟ್ಟಿಕೊಂಡೇ ಬಂದಿದ್ದಳು. ಒಂದು ದಿನ ಹಾಲು ಮಾರುವ ಅಜ್ಜಿಯೊಬ್ಬರ ಹಸುವನ್ನು ನೋಡಿ, "ಅಜ್ಜಿ, ಇದಕ್ಕೆ ಮ್ಯಾಸ್ಟೈಟಿಸ್ ಆಗಿದೆ" ಎಂದಳಂತೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ಅದ್ಯಾವ ಊರು ತಾಯಿ? ನಮ್ಮ ಹಸು ಎಲ್ಲಿಗೂ ಹೋಗಿಲ್ಲ, ಕೊಟ್ಟಿಗೇಲೇ ಇದೆ" ಎಂದರಂತೆ. ಮನೆಗೆ ಬಂದು ಅವಳು ಇದನ್ನು ಹೇಳಿದಾಗ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಗು ನಿಂತ ಮೇಲೆ ಅವಳು, "ನಾನು ಹೇಳಿದ್ದು ಅವರಿಗೆ ಒಂದಕ್ಷರ ಗೊತ್ತಾಗಿಲ್ಲ ರೀ. ಔಷಧ ಕೊಟ್ಟು ಬಂದೆ, ಯಾಕೆ ಕೊಟ್ಟೆ ಅಂತ ಅವರಿಗೆ ಗೊತ್ತಿಲ್ಲ" ಎಂದಳು.

ಅಲ್ಲಿಂದ ಶುರುವಾಯಿತು ಅವಳ ಹುಚ್ಚು. ದನ ಸಾಕುವವರ ಬೆನ್ನು ಬಿದ್ದು ಒಂದೊಂದಕ್ಕೂ ಅವರು ಏನೆನ್ನುತ್ತಾರೆ ಎಂದು ಕೇಳತೊಡಗಿದಳು. ಆಮೇಲೆ ಹಾಲು ಸಂಗ್ರಹ ಕೇಂದ್ರದ ಗೋಡೆಯ ಮೇಲೆ ಹೆಸರಿಗಷ್ಟೇ ಇದ್ದ ಕರಿಹಲಗೆಯನ್ನು ಒರೆಸಿ, ಬೆಳಗಿನ ಹೊತ್ತು ಅದರ ಮೇಲೆ ಒಂದೊಂದು ಪದ ಬರೆಯುವ ಪದ್ಧತಿ ಇಟ್ಟುಕೊಂಡಳು. ಜನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಸಾಲು ಮುಗಿದು ಡೈರಿಯ ವ್ಯಾನು ಬಂದು ಹಾರನ್ ಹೊಡೆಯುವವರೆಗೆ ಪಾಠ. ಹಾರನ್ ಆದರೆ ಎಲ್ಲರೂ ಕ್ಯಾನು ಎತ್ತಲು ಓಡಬೇಕು, ಪಾಠ ಬಂದ್. ಬರೆಯಲು ನನ್ನ ಅಂಗಡಿಯ ಅಳತೆ ಬಳಪವನ್ನೇ ಎಗರಿಸುತ್ತಿದ್ದಳು. ಕೇಳಿದರೆ, "ದನಕ್ಕೂ ಅಳತೆ ತಪ್ಪಬಾರದು" ಎಂಬ ಉತ್ತರ.

ಅವಳದೊಂದು ಹಟವಿತ್ತು. ಪದ ಯಾವುದೇ ಇರಲಿ, ಅದನ್ನು ಕೊಟ್ಟಿಗೆಯಲ್ಲಿ ಕಣ್ಣಿಂದ ನೋಡುವಂತೆ, ಕೈಯಿಂದ ಮುಟ್ಟುವಂತೆ ಹೇಳಬೇಕು. ಅಜ್ಜಿಗೆ ಹೇಳಿದ್ದ ಆ ಮ್ಯಾಸ್ಟೈಟಿಸನ್ನೇ ಕೆಚ್ಚಲು ಬಾವು ಎಂದು ಬರೆದ ದಿನ ನನ್ನಲ್ಲಿ ಉಳಿದಿದ್ದ ಕಪ್ಪು ಲೈನಿಂಗ್ ಬಟ್ಟೆಯ ಚೂರುಗಳನ್ನು ಎಲ್ಲರಿಗೂ ಹಂಚಿದಳು. ಹಾಲು ಕರೆಯುವ ಮೊದಲು ಒಂದೊಂದು ಮೊಲೆಯಿಂದಲೂ ಮೊದಲ ಹಾಲನ್ನು ಆ ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ, ಒಡೆದ ಹಾಲಿನಂತೆ ಗರಣೆಗರಣೆಯಾಗಿ ಕಂಡರೆ ಕೆಚ್ಚಲೊಳಗೆ ಬಾವು ಶುರುವಾಗಿದೆ ಎಂದೇ ಲೆಕ್ಕ, ಹೊರಗೆ ಊದುವವರೆಗೆ ಕಾಯಬೇಡಿ ಎಂದಳು. ಸೂಲು ಎಂದರೆ ಹಸು ಒಂದು ಸಲ ಕರು ಹಾಕುವುದು, ಹಸುವನ್ನು ಕೊಳ್ಳುವಾಗ ಬಣ್ಣ ಕೇಳಬೇಡಿ, ಎಷ್ಟನೇ ಸೂಲು ಎಂದು ಕೇಳಿ ಎಂದಳು. ಬೆದೆ ಎಂದು ಬರೆದ ದಿನವಂತೂ ಸಾಲಿನಲ್ಲಿದ್ದ ಗಂಡಸರೆಲ್ಲ ಸೂರಿನ ತಗಡುಗಳನ್ನು ಎಣಿಸುತ್ತ ನಿಂತರು. ಹಸು ಹೋರಿಯನ್ನು ಬಯಸುವ ಹೊತ್ತು ಅದು, ಕೂಗುತ್ತದೆ, ಬಾಲ ಎತ್ತುತ್ತದೆ, ಹಿಂದೆ ಗಾಜಿನಂಥ ಲೋಳೆ ಇಳಿಯುತ್ತದೆ ಎಂದು ಇವಳು ಗಟ್ಟಿ ದನಿಯಲ್ಲಿ ಹೇಳುತ್ತಲೇ ಹೋದಳು. ಮರುದಿನ ಅದೇ ಗಂಡಸರಲ್ಲಿ ಒಬ್ಬರು ಬಂದು, "ಕೂಗದೇ ಇದ್ರೆ ಹೇಗೆ ಗೊತ್ತಾಗೋದು?" ಎಂದು ಪಿಸುಗುಟ್ಟಿದರು. ಆವತ್ತಿನ ಪದ ಮೂಕ ಬೆದೆ.

ಹೀಗೆ ಪ್ರಶ್ನೆ ಕೇಳುವವರಲ್ಲಿ ಎಲ್ಲರನ್ನೂ ಮೀರಿಸಿದವರು ಊರೆಲ್ಲ ಕಂಡಕ್ಟರ್ ಮಾವ ಎಂದೇ ಕರೆಯುವ ಹಿರಿಯರು. ಬಸ್ಸಿನಲ್ಲಿ ಟಿಕೆಟ್ ಹರಿದು ಹರಿದು ನಿವೃತ್ತರಾದ ಮೇಲೆ ಮನೆಯಲ್ಲಿ ಕೂತು ಎಲ್ಲರ ಮೇಲೂ ರೇಗುತ್ತಿದ್ದರಂತೆ. ಕಾಟ ತಡೆಯಲಾರದೆ ಅವರ ಹೆಂಡತಿಯೇ ಒಂದು ಕಪ್ಪು ಬಿಳಿ ಹಸು ಕೊಡಿಸಿದರು. ಅಲ್ಲಿಂದ ಮಾವ ಬೇರೆಯೇ ಮನುಷ್ಯರಾದರು. ಹಸುವನ್ನು 'ಮಗಳೇ' ಎಂದೇ ಕರೆಯುವುದು, ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಬಂದು ನಿಲ್ಲುವುದು, ಡಾಕ್ಟರಮ್ಮ ಬಾಯಿ ತೆರೆದರೆ ಕಿವಿ ನಿಮಿರಿಸುವುದು. ಸಾಲು ನೂಕಾಡಿದರೆ, "ಒಳಗೆ ನಡೀರಿ, ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಬೇಡಿ" ಎಂದು ಹಳೆಯ ಅಭ್ಯಾಸದಲ್ಲಿ ಕೂಗುತ್ತಿದ್ದರು. ಹುಟ್ಟಿದಾಗಿನಿಂದ ದನದ ನಡುವೆಯೇ ಇದ್ದವರು ಅವರ ಪ್ರಶ್ನೆಗಳಿಗೆ ಮುಸಿಮುಸಿ ನಗುತ್ತಿದ್ದರು. ಮಾವ ಕ್ಯಾರೇ ಅನ್ನುತ್ತಿರಲಿಲ್ಲ.

ಹಾಲು ಜ್ವರ ಎಂದು ಬರೆದ ಬೆಳಿಗ್ಗೆ ನಾನೂ ಅಲ್ಲಿದ್ದೆ, ಹಾಲು ತರಲು ಹೋಗಿದ್ದೆ. ಅವಳು ಹೇಳಿದಳು: ಹೆಸರಿಗಷ್ಟೇ ಜ್ವರ, ಮೈ ಬಿಸಿ ಇರುವುದಿಲ್ಲ, ತಣ್ಣಗಾಗುತ್ತದೆ. ಚೆನ್ನಾಗಿ ಹಾಲು ಕೊಡುವ, ಎರಡು ಮೂರು ಸೂಲು ಕಂಡ ಹಸುವಿಗೆ ಕರು ಹಾಕಿದ ಆಸುಪಾಸಿನಲ್ಲಿ ಬರುತ್ತದೆ. ರಕ್ತದಲ್ಲಿದ್ದ ಕ್ಯಾಲ್ಸಿಯಂ ಎಲ್ಲ ಒಮ್ಮೆಲೇ ಹಾಲಿಗೆ ಇಳಿದುಬಿಡುತ್ತದೆ, ಹಸು ಕುಸಿದು ಕೂರುತ್ತದೆ, ತಕ್ಷಣ ಕ್ಯಾಲ್ಸಿಯಂ ಸೇರದಿದ್ದರೆ ಜೀವಕ್ಕೇ ಅಪಾಯ. "ಆದ್ರೆ ಒಂದು ಮಾತು..." ಎಂದು ಅವಳು ಶುರು ಮಾಡುವಷ್ಟರಲ್ಲಿ ವ್ಯಾನು ಹಾರನ್ ಹೊಡೆಯಿತು. ಎಲ್ಲರೂ ಕ್ಯಾನಿನತ್ತ ಓಡಿದರು. ಮರುದಿನ ಕೋಳಿ ಸಾಕಣೆಯವರ ಶೆಡ್ಡಿನಲ್ಲಿ ಏನೋ ಕಾಯಿಲೆ ಎದ್ದು ಅವಳು ಆ ಕಡೆ ಹೋದಳು. ವಾಪಸು ಬಂದಾಗ ಹಲಗೆಯ ಮೇಲೆ ಹೊಸ ಪದ ಬಿತ್ತು. ಆ 'ಒಂದು ಮಾತು' ಹಾಗೆಯೇ ಉಳಿಯಿತು.

ಎರಡು ಮೂರು ತಿಂಗಳು ಕಳೆದಿರಬೇಕು. ಬೆಳಿಗ್ಗೆ ನಾನು ಒಂದು ಕೋಟಿಗೆ ಕಾಲರ್ ಕೂರಿಸುತ್ತಿದ್ದಾಗ ಕಂಡಕ್ಟರ್ ಮಾವ ಏದುಸಿರು ಬಿಡುತ್ತ ಅಂಗಡಿಗೇ ನುಗ್ಗಿದರು. "ಡಾಕ್ಟ್ರಮ್ಮ ಎಲ್ಲಿ? ನಮ್ಮ ಮಗಳು ಏಳ್ತಾ ಇಲ್ಲ!" ಹಿಂದಿನ ಸಂಜೆ ಹಸು ಕರು ಹಾಕಿತ್ತಂತೆ, ಮೂರನೇ ಸೂಲು. ಬೆಳಕು ಹರಿಯುವಾಗ ನೋಡಿದರೆ ಕುಸಿದು ಕೂತಿದೆ. ನನ್ನ ಹೆಂಡತಿಯ ಸಹಾಯಕ ರಜೆಯ ಮೇಲಿದ್ದ. ಅವಳು ನನ್ನ ಕಡೆ ನೋಡಿದಳು. ನಾನು ಕೋಟಿನ ಕಡೆ ನೋಡಿದೆ. "ಏಳ್ರೀ" ಎಂದಳು. ಎದ್ದೆ.

ಅವರ ಕೊಟ್ಟಿಗೆ ಮನೆಯ ಹಿಂದೆ, ಸಿಮೆಂಟಿನ ನೆಲ, ಚೊಕ್ಕಟ. ಹಸು ಎದೆಯ ಮೇಲೆ ಕುಸಿದು, ಕುತ್ತಿಗೆಯನ್ನು ಪಕ್ಕಕ್ಕೆ ತಿರುಗಿಸಿ ತಲೆಯನ್ನು ತನ್ನ ಪಕ್ಕೆಗೇ ಒರಗಿಸಿಕೊಂಡಿತ್ತು. ಕಣ್ಣು ತೆರೆದಿದ್ದರೂ ನೋಟವಿರಲಿಲ್ಲ. ಪಕ್ಕದ ಮನೆಯವರೊಬ್ಬರು ಔಷಧ ಕುಡಿಸುವ ಬಿದಿರಿನ ಗೊಟ್ಟ ಹಿಡಿದು, ಬೆಲ್ಲದ ನೀರು ಹೊಯ್ಯಲು ಅದರ ಬಾಯಿ ಬಿಡಿಸುತ್ತಿದ್ದರು. "ಬಾಯಿಗೆ ಒಂದು ಹನಿ ಹಾಕ್ಬೇಡಿ! ಅದಕ್ಕೆ ನುಂಗೋ ಶಕ್ತಿ ಇಲ್ಲ, ಶ್ವಾಸಕೋಶಕ್ಕೆ ಹೋಗಿ ಸತ್ತೇ ಹೋಗುತ್ತೆ!" ಎಂದು ಇವಳು ಬಾಗಿಲಿಂದಲೇ ಕೂಗಿದಳು. ಆ ದನಿ ನಾನು ಮನೆಯ ಜಗಳದಲ್ಲೂ ಕೇಳಿರಲಿಲ್ಲ. ಅವಳು ಕಿವಿ ಮುಟ್ಟಿ ನೋಡಿದಳು, ನನ್ನ ಕೈಯನ್ನೂ ಎಳೆದು ಮುಟ್ಟಿಸಿದಳು. ಮಂಜುಗಡ್ಡೆಯಂತೆ ತಣ್ಣಗಿತ್ತು. ಹಸು ಮಗ್ಗುಲಿಗೆ ಉರುಳದಂತೆ ಎರಡೂ ಕಡೆ ಹುಲ್ಲಿನ ಮೂಟೆ ಒತ್ತರಿಸಿದೆವು. ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಬೆಚ್ಚಗೆ ಮಾಡಿ, ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಚುಚ್ಚಿ, ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು.

"ಎತ್ತಿದ್ರೆ ಜೋರಾಗಿ ಹೋಗುತ್ತೆ, ಇಳಿಸಿದ್ರೆ ನಿಧಾನ. ಜೋರಾಗಿ ಹೋದ್ರೆ ಹೃದಯ ನಿಂತುಹೋಗುತ್ತೆ. ನಾನು ಹೇಳಿದ ಹಾಗೆ ಹಿಡ್ಕೊಳ್ಳಿ."

ದನಕ್ಕೆ ಹೆದರುವವನ ಕೈಯಲ್ಲಿ ದನದ ಜೀವ. ಅವಳು ಸ್ಟೆತಾಸ್ಕೋಪನ್ನು ಹಸುವಿನ ಎದೆಗೆ ಇಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕಂಡಕ್ಟರ್ ಮಾವ ಹಸುವಿನ ತಲೆಯ ಹತ್ತಿರ ಕುಳಿತು ಹಣೆ ಸವರುತ್ತಿದ್ದರು. ಕೇಳುತ್ತ ಕೇಳುತ್ತಲೇ ಅವಳು, "ಮಾವ, ಕರು ಹಾಕೋ ಮೊದಲು ಏನೇನು ಕೊಡ್ತಿದ್ರಿ?" ಎಂದಳು.

ಅಷ್ಟು ಸಂಕಟದಲ್ಲೂ ಅವರ ಮುಖ ಅರಳಿತು. "ನೀವು ಹೇಳಿದ್ದನ್ನೇ! ಕ್ಯಾಲ್ಸಿಯಂ ಟಾನಿಕ್. ಹಾಲು ಕರೆಯೋದು ನಿಲ್ಲಿಸಿದಾಗಿನಿಂದ ಒಂದು ಹೊತ್ತೂ ತಪ್ಪಿಸಿಲ್ಲ. ಕರು ಹಾಕಿದ ಮೇಲೆ ಕಮ್ಮಿ ಬೀಳಬಾರ್ದು ಅಂತ ಮೊದಲೇ ತುಂಬಿಸಿಬಿಟ್ಟೆ."

ಅವಳ ಕಣ್ಣು ತೆರೆಯಿತು. ಮುಖ ಬಿಳಿಚಿಕೊಂಡಿತು. ಸ್ಟೆತಾಸ್ಕೋಪ್ ಹಿಡಿದ ಕೈ ಮಾತ್ರ ಅಲುಗಲಿಲ್ಲ. ಏನೋ ಆಗಬಾರದ್ದು ಆಗಿದೆ ಎಂದು ನನಗೆ ಅನ್ನಿಸಿತು, ಏನೆಂದು ಮಾತ್ರ ತಿಳಿಯಲಿಲ್ಲ. ಅದೇ ಹೊತ್ತಿಗೆ, "ಇಳಿಸಿ! ಇಳಿಸಿ!" ಎಂದಳು. ಹಸುವಿನ ಹೃದಯ ಒಂದು ಬಡಿತ ತಪ್ಪಿತ್ತು. ಬಾಟಲಿಯನ್ನು ನೆಲದ ಹತ್ತಿರ ತಂದು ಉಸಿರು ಬಿಗಿಹಿಡಿದು ನಿಂತೆ. ಕೊನೆಗೆ ಅವಳು ತಲೆಯಾಡಿಸಿದಳು. ಮತ್ತೆ ಸ್ವಲ್ಪ ಸ್ವಲ್ಪವೇ ಎತ್ತಿದೆ.

ಬಾಟಲಿ ಮುಗಿಯುತ್ತ ಬಂದಾಗ ಹಸುವಿನ ಪಕ್ಕೆಯ ಚರ್ಮ ಅದುರಿತು. ದೊಡ್ಡದಾಗಿ ತೇಗಿತು. ಒಣಗಿದ್ದ ಮೂಗಿನ ಮೇಲೆ ಹನಿ ಹನಿ ತೇವ ಕಾಣಿಸಿಕೊಂಡಿತು. ಆಮೇಲೆ ಧಾರಾಳವಾಗಿ ಸಗಣಿ ಹಾಕಿತು. ಅದು ಬಿದ್ದದ್ದು ನನ್ನ ಹೊಸ ಚಪ್ಪಲಿಯ ಮೇಲೆ. ಸಗಣಿ ಕಂಡು ಜನ ಇಷ್ಟು ಸಂಭ್ರಮಪಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಹಸು ಹಿಂಗಾಲು ಊರಿ, ಒಮ್ಮೆ ತಡವರಿಸಿ, ಎದ್ದು ನಿಂತಿತು. ಅತ್ತೆ, ಅಂದರೆ ಕಂಡಕ್ಟರ್ ಮಾವನ ಹೆಂಡತಿ, ಕಂಬಕ್ಕೊರಗಿ ಅಳುತ್ತ ನಗುತ್ತಿದ್ದರು. ಮಾವ ಸುತ್ತ ಸೇರಿದವರಿಗೆಲ್ಲ, "ಮೊದಲಿಂದ ಕ್ಯಾಲ್ಸಿಯಂ ಕೊಟ್ಟಿದ್ದಕ್ಕೇ ಇಷ್ಟರಲ್ಲಿ ಬಚಾವಾಯ್ತು. ಇಲ್ಲದಿದ್ರೆ ಕೈ ತೊಳ್ಕೋಬೇಕಿತ್ತು. ನಾಳೆ ಸಾಲಲ್ಲಿ ಎಲ್ಲರಿಗೂ ನಾನೇ ಹೇಳ್ತೀನಿ" ಎಂದರು.

ಅವಳು ಇನ್ನೆರಡು ದಿನ ಕೆಚ್ಚಲನ್ನು ಪೂರ್ತಿ ಹಿಂಡಬೇಡಿ, ಕರುವಿಗೆ ಬೇಕಾದಷ್ಟು ಗಿಣ್ಣದ ಹಾಲು ಮಾತ್ರ ತೆಗೆಯಿರಿ ಎಂದಷ್ಟೇ ಹೇಳಿ ಹೊರಟಳು.

ಮನೆಗೆ ಬಂದು ಹಿತ್ತಲಲ್ಲಿ ಬೂಟು ತೊಳೆಯುತ್ತ, "ಆ ಹಸು ಬೀಳೋಕೆ ನಾನೇ ಕಾರಣ" ಎಂದಳು. ಆಮೇಲೆ ಬಿಡಿಸಿ ಹೇಳಿದಳು. ಹಸುವಿನ ಎಲುಬುಗಳಲ್ಲಿ ಕ್ಯಾಲ್ಸಿಯಂ ತುಂಬಿಟ್ಟ ಉಗ್ರಾಣವಿದೆ. ಕರು ಹಾಕುವ ಮುಂಚಿನ ಎರಡು ತಿಂಗಳು ಹಾಲು ಕರೆಯುವುದನ್ನು ನಿಲ್ಲಿಸುತ್ತಾರಲ್ಲ, ಅದು ಬತ್ತುಗಾಲ. ಆಗ ಹೊರಗಿನಿಂದ ಕ್ಯಾಲ್ಸಿಯಂ ಅತಿಯಾಗಿ ಸಿಕ್ಕರೆ ಮೈಗೆ ಉಗ್ರಾಣದ ಬಾಗಿಲು ತೆರೆಯುವ ಅಭ್ಯಾಸವೇ ತಪ್ಪಿಹೋಗುತ್ತದೆ. ಕರು ಹಾಕಿದ ದಿನ ಹಾಲು ಧುಮ್ಮಿಕ್ಕಿ ಇಳಿದಾಗ, ಒಳಗೆ ರಾಶಿ ಇದ್ದರೂ ಹಸು ಬರಿಗೈಯಲ್ಲಿ ಕೂರುತ್ತದೆ. "ಕರು ಹಾಕೋ ಮೊದಲು ಕೊಡಬೇಡಿ ಅಂತ ಹೇಳೋಕೆ ಹೊರಟಿದ್ದೆ. ಅಷ್ಟರಲ್ಲಿ ವ್ಯಾನ್ ಬಂತು. ಮರೆತುಬಿಟ್ಟೆ."

"ಹಸು ಎದ್ದಿದೆಯಲ್ಲ. ನಾಳೆ ಬತ್ತುಗಾಲ ಅಂತ ಹೊಸ ಪಾಠ ಮಾಡಿಬಿಡು. ನಿನ್ನ ತಪ್ಪು ಅಂತ ಯಾಕೆ ಹೇಳ್ಕೋತೀಯ? ಮೊದಲೇ ಹೆಣ್ಣು ಡಾಕ್ಟರು ಅಂತ ಮೂಗು ಮುರೀತಿದ್ದ ಜನ" ಎಂದೆ. ನನ್ನ ಹೆಂಡತಿಯನ್ನು ಯಾರಾದರೂ ಅಂದರೆ ನನಗೆ ಸಹಿಸಲಾಗುವುದಿಲ್ಲ, ಅದಕ್ಕೇ ಹಾಗೆಂದೆ.

"ಪಾಠ ಅಂದ್ರೆ ಕೇಳಿ ಮರೀತಾರೆ. ಮಾವನ ಹಸು ಯಾಕೆ ಬಿತ್ತು ಅಂತ ಹೇಳಿದ್ರೆ ಮನೆಗೆ ಹೋಗಿ ಬಾಟಲಿ ಎತ್ತಿಡ್ತಾರೆ" ಎಂದಳು. ಬೂಟನ್ನು ಗೋಡೆಗೆ ಒರಗಿಸಿಟ್ಟು, "ನನಗೂ ಭಯ ಆಗ್ತಿದೆ ರೀ" ಎಂದಳು.

ಸಂಜೆ ಇಬ್ಬರೂ ಮತ್ತೆ ಅವರ ಮನೆಗೆ ಹೋದೆವು. ಸಾಲಿನಲ್ಲಿ ಹೇಳುವ ಮೊದಲು ಮಾವನಿಗೆ ಹೇಳಬೇಕು ಎಂಬುದು ಅವಳ ನ್ಯಾಯ. ಹಸು ನಿಂತು ಹುಲ್ಲು ಎಳೆಯುತ್ತಿತ್ತು. ಅವಳು ಸುತ್ತು ಬಳಸದೆ ಎಲ್ಲವನ್ನೂ ಹೇಳಿದಳು. ಮಾವ ಕೇಳುತ್ತ ಕೇಳುತ್ತ ಕುಗ್ಗಿಹೋದರು.

"ನನ್ನ ಕೈಯಾರೆ ಕುಡಿಸಿದೆನಲ್ಲ" ಎಂದರು.

"ನನ್ನ ಮಾತು ಕೇಳಿ ಕುಡಿಸಿದ್ರಿ ಮಾವ. ತಪ್ಪು ನನ್ನದು."

"ನಿಮ್ಮ ಮಾತನ್ನ ತಲೆ ಮೇಲೆ ಹೊತ್ಕೊಂಡು ತಿರುಗ್ತಿದ್ರು. ನಾನು ಬೇಡ ಅಂದ್ರೂ ಕೇಳ್ಲಿಲ್ಲ" ಎಂದು ಅತ್ತೆ ಸಿಡುಕಿದರು. ಮಾವ ಎದ್ದು ಒಳಗೆ ಹೋದರು. ನಮಗೆ ಕೂತ್ಕೊಳ್ಳಿ ಎಂದು ಯಾರೂ ಹೇಳಲಿಲ್ಲ. ದಾರಿಯುದ್ದಕ್ಕೂ ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡೇ ನಡೆದಳು. ಬೀದಿಯಲ್ಲಿ ಹಾಗೆ ನಡೆಯುವ ಹೆಂಗಸಲ್ಲ ಅವಳು.

ಬೆಳಿಗ್ಗೆ ಅಂಗಡಿ ಮುಚ್ಚಿ ನಾನೂ ಜೊತೆಗೆ ಹೋದೆ. ಅವಳು ಹಲಗೆಯ ಮೇಲೆ ಹಾಲು ಜ್ವರ ಎಂದೇ ಮತ್ತೆ ಬರೆದಳು. "ಇದು ಹೇಳಿದ್ದಾಯ್ತಲ್ಲ" ಎಂದರು ಯಾರೋ. "ಅರ್ಧ ಹೇಳಿದ್ದೆ" ಎಂದು ಶುರು ಮಾಡಿ, ಮಾವನ ಹಸು ಬಿದ್ದದ್ದು, ಅದು ಯಾಕೆ ಬಿತ್ತು, ತಪ್ಪು ಯಾರದು, ಎಲ್ಲ ಹೇಳಿದಳು. ಒಂದು ಪದವನ್ನೂ ನುಂಗಲಿಲ್ಲ. ಸಾಲಿನಲ್ಲಿ ಗುಜುಗುಜು ಎದ್ದಿತು. ಎಮ್ಮೆ ಸಾಕುವ ಗಡ್ಡದವರೊಬ್ಬರು, "ಹಾಗಾದ್ರೆ ಇಷ್ಟು ದಿನ ಹೇಳಿದ್ದೆಲ್ಲ ಅರ್ಧಂಬರ್ಧನಾ?" ಎಂದರು. ಅವಳು ತಲೆ ತಗ್ಗಿಸಲಿಲ್ಲ, "ಅನುಮಾನ ಬಂದಿದ್ದನ್ನೆಲ್ಲ ಕೇಳಿ, ಮತ್ತೆ ಹೇಳ್ತೀನಿ" ಎಂದಳು.

ಆಗ ಸಾಲಿನ ತುದಿಯಿಂದ ಒಂದು ಸಣ್ಣ ದನಿ ಬಂತು. ಶಾಲೆಯಲ್ಲಿ ಆಯಾ ಆಗಿರುವ ಹೆಂಗಸು, ಅಲ್ಲಿಯವರೆಗೆ ಒಂದು ದಿನವೂ ಬಾಯಿ ಬಿಟ್ಟವಳಲ್ಲ. "ಡಾಕ್ಟ್ರಮ್ಮ, ನಾನೂ ಕೊಡ್ತಿದೀನಿ. ನಮ್ಮ ಹಸುಗೆ ದಿನ ಹತ್ರ ಬಂದಿದೆ. ಅದೂ ಬಿದ್ದುಹೋಗುತ್ತಾ?"

ಅವಳ ಹಿಂದೆ ಇನ್ನೊಬ್ಬರು, ಆಮೇಲೆ ಮತ್ತೊಬ್ಬರು ಕೈಯೆತ್ತಿದರು. ಮೂಗು ಮುರಿದ ಗಡ್ಡದವರೂ ಗಂಟಲು ಸರಿಮಾಡಿಕೊಂಡು, "ನಮ್ಮ ಮನೇಲೂ ಒಂದು ಬಾಟಲಿ ಇದೆ" ಎಂದರು. ಅಷ್ಟರಲ್ಲಿ ಹೊರಗೆ ವ್ಯಾನು ಹಾರನ್ ಹೊಡೆಯಿತು. ಜನ ಕದಲಿದರು. ಆಗಲೇ ನಾನು ನೋಡಿದ್ದು: ಗೇಟಿನ ಹತ್ತಿರ ಕಂಡಕ್ಟರ್ ಮಾವ ನಿಂತಿದ್ದರು, ಕೈಯಲ್ಲಿ ಕ್ಯಾನಿರಲಿಲ್ಲ. ಯಾವಾಗ ಬಂದರೋ ಗೊತ್ತಿಲ್ಲ. ಡ್ರೈವರನ ಕಿಟಕಿಗೆ ಹೋಗಿ ಏನೋ ಹೇಳಿದರು. ಹಾರನ್ ನಿಂತಿತು. ತಿರುಗಿ ಬಂದು, ಯಾರ ಮುಖವನ್ನೂ ನೋಡದೆ, "ಈಗ ಇವರೆಲ್ಲ ಏನು ಮಾಡ್ಬೇಕು, ಅದನ್ನ ಪೂರ್ತಿ ಹೇಳಿ" ಎಂದರು.

ಅವಳು ಪೂರ್ತಿ ಹೇಳಿದಳು. ಬತ್ತುಗಾಲದಲ್ಲಿರುವ ಹಸುವಿಗೆ ಟಾನಿಕ್ ಇವತ್ತೇ ನಿಲ್ಲಿಸಿ. ಕರು ಹಾಕುವ ಲಕ್ಷಣ ಕಂಡ ತಕ್ಷಣ ನನಗೆ ಹೇಳಿ ಕಳಿಸಿ, ಆಗ ಎಷ್ಟು ಕ್ಯಾಲ್ಸಿಯಂ ಕೊಡಬೇಕೋ ನಾನೇ ಬಂದು ಕೊಡುತ್ತೇನೆ. ಮೊದಲ ದಿನ ಆಸೆಬಿದ್ದು ಕೆಚ್ಚಲು ಬರಿದು ಮಾಡಬೇಡಿ. ಕಿವಿ ಮುಟ್ಟಿ ನೋಡುತ್ತಿರಿ. ಮಾವ ನಡುನಡುವೆ ಪ್ರಶ್ನೆ ಕೇಳಿದರು. ಈ ಸಲ ಯಾರೂ ನಗಲಿಲ್ಲ.

ಮುಂದಿನ ದಿನಗಳಲ್ಲಿ ಅವಳು ಊಟಕ್ಕೆ ಕೂತರೂ ಕಿವಿ ಬಾಗಿಲ ಕಡೆಗೇ. ಎಲ್ಲರಿಗಿಂತ ಮೊದಲು ದಿನ ತುಂಬಿದ್ದು ಆಯಾಳ ಹಸುವಿಗೆ. ಅಷ್ಟು ದಿನ ಟಾನಿಕ್ ಕುಡಿದ ಹಸು, ನಿಲ್ಲಿಸಿದ್ದು ತೀರ ಈಚೆಗೆ. ಏನೂ ಹೇಳಲಾಗುವುದಿಲ್ಲ ಎನ್ನುತ್ತಿದ್ದಳು. ಕರು ಹಾಕಿದ ದಿನ ಹೋಗಿ ಕೊಡಬೇಕಾದ್ದನ್ನು ಕೊಟ್ಟು ಬಂದಳು. ಮರುದಿನ ಬೆಳಿಗ್ಗೆ ಕಾಯುತ್ತ ಕೂರಲಾರದೆ, ಬೂಟು ಹಾಕಿಕೊಳ್ಳುವುದನ್ನೂ ಮರೆತು ಬರಿಗಾಲಲ್ಲೇ ಹೊರಟಳು. ಬೂಟು ಹಿಡಿದು ನಾನು ಹಿಂದೆ ಓಡಿದೆ.

ಆಯಾಳ ಕೊಟ್ಟಿಗೆ ಎಂದರೆ ಮನೆಗೆ ಆನಿಸಿ ಕಟ್ಟಿದ ಒಂದು ಮಾಡು, ಅಷ್ಟೇ. ಆಯಾ ಬಾಗಿಲಲ್ಲಿದ್ದಳು, ಶಾಲೆಗೆ ಹೊರಡುವ ಬಟ್ಟೆಯಲ್ಲಿ. ಒಳಗೆ ನಮಗಿಂತ ಮೊದಲೇ ಬಂದಿದ್ದ ಕಂಡಕ್ಟರ್ ಮಾವ. ಅವರ ಪಕ್ಕದಲ್ಲಿ ಹಸು ನಾಲ್ಕೂ ಕಾಲಿನ ಮೇಲೆ ನಿಂತು ಕರುವನ್ನು ನೆಕ್ಕುತ್ತಿತ್ತು. ನನ್ನ ಹೆಂಡತಿ ಹೋಗಿ ಅದರ ಕಿವಿಯನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಹಾಗೇ ಹಿಡಿದುಕೊಂಡು, ಎಲ್ಲರೆದುರೂ, ಗಟ್ಟಿಯಾಗಿ ಅತ್ತುಬಿಟ್ಟಳು.

ಆಯಾ ಗಾಬರಿಯಾಗಿ ಓಡಿಬಂದಳು. "ಯಾಕೆ ಡಾಕ್ಟ್ರಮ್ಮ? ಏನಾಗಿದೆ ನಮ್ಮ ಹಸುಗೆ?"

"ಏನೂ ಆಗಿಲ್ಲ" ಎಂದಳು ನನ್ನ ಹೆಂಡತಿ, ಅಳುತ್ತಲೇ. "ಏನೂ ಆಗಿಲ್ಲ ಕಣಮ್ಮ. ನಿಂತಿದೆ."